ರಕ್ತ ಕೊಟ್ಟರೆ ಮೆದುಳಿನ ಡೋಪಮೈನ್ ಗೊತ್ತಾಗುತ್ತಾ?

ಸಿಂಧನೂರಿನಿಂದ ಕೇಳಿದ್ದೀರಿ: ಅಪ್ಪನಿಗೆ ಪಾರ್ಕಿನ್ಸನ್ ಅಂದಿದ್ದಾರೆ, ಮೆದುಳಲ್ಲಿ ಡೋಪಮೈನ್ (ನರಕೋಶಗಳು ಸಂದೇಶ ಕಳಿಸೋಕೆ ಬಳಸೋ ರಾಸಾಯನಿಕ, ಈ ರೋಗದಲ್ಲಿ ಅದು ಕಡಿಮೆಯಾಗುತ್ತೆ) ಎಷ್ಟು ಬಿಡುಗಡೆಯಾಗ್ತಿದೆ ಅಂತ ರಕ್ತ ಪರೀಕ್ಷೆಯಲ್ಲಿ ನೋಡಬಹುದಾ ಅಂತ. ಆಗಲ್ಲ, ಆ ದುಡ್ಡು ಉಳಿಸಿ. ನಮ್ಮ ಸೋದರಮಾವ ಒಂದು ಲ್ಯಾಬಲ್ಲಿ ಹೀಗೇ ಮಾಡಿಸಿದರು. ರಿಪೋರ್ಟ್ ನಾರ್ಮಲ್ ಬಂತು ಅಂತ ಮಾತ್ರೆ ಬಿಟ್ಟರು, ಆಮೇಲೆ ಹಾಸಿಗೆಯಿಂದ ಏಳೋದೇ ಕಷ್ಟವಾಯ್ತು. ರಕ್ತದಲ್ಲಿರೋ ಡೋಪಮೈನ್ ಮೈಯ ಬೇರೆ ಭಾಗಗಳದ್ದು. ರಕ್ತಕ್ಕೂ ಮೆದುಳಿಗೂ ನಡುವೆ ಇರೋ ತಡೆಯನ್ನು ಅದು ದಾಟಲ್ಲ. ಲೆವೊಡೋಪಾ ಅನ್ನೋ ಔಷಧಿ ದಾಟುತ್ತೆ, ಮೆದುಳಲ್ಲಿ ಡೋಪಮೈನ್ ಆಗುತ್ತೆ, ಅದಕ್ಕೇ ಮಾತ್ರೆಯಲ್ಲಿ ಅದನ್ನು ಕೊಡೋದು.

ಬಿಡುಗಡೆ ಅಳೆಯೋಕೆ ಮೆದುಳಿನ ಒಳಗೇ ಇಳಿಯಬೇಕು. ರಾಯಚೂರಿಗೆ ವಾಪಸ್ ಬರೋ ಮುಂಚೆ ಕೆಲವು ವರ್ಷ ನಾನು ಇಲಿಗಳಲ್ಲಿ ಈ ಕೆಲಸ ಮಾಡಿದ್ದೀನಿ. ಮೈಕ್ರೋಡಯಾಲಿಸಿಸ್ ಅಂತಾರೆ. ತುದಿಯಲ್ಲಿ ತೆಳು ಪೊರೆ ಇರೋ ಸೂಜಿಯಂಥ ನಳಿಕೆ, ಅದರೊಳಗೆ ನಿಮಿಷಕ್ಕೆ 2 ಮೈಕ್ರೋಲೀಟರ್ ಉಪ್ಪುನೀರು. ಸುತ್ತಲಿನ ಡೋಪಮೈನ್ ಪೊರೆಯಿಂದ ಜಿನುಗಿ ಒಳಗೆ ಬರುತ್ತೆ. 20 ನಿಮಿಷ ಕಾದರೆ ಸಿಗೋದು 40 ಮೈಕ್ರೋಲೀಟರ್, ಒಂದು ಹನಿಯಷ್ಟು. ಗಾಳಿ ತಾಗಿದರೆ ಕೆಡುತ್ತೆ ಅಂತ ಆ ಹನಿಯನ್ನು ಆಮ್ಲ ಹಾಕಿದ ಪುಟ್ಟ ಟ್ಯೂಬಲ್ಲಿ, ಐಸಿನ ಮೇಲೆ ಹಿಡೀಬೇಕು. ನಳಿಕೆಯಲ್ಲಿ ಒಂದು ಗಾಳಿಗುಳ್ಳೆ ಸಿಕ್ಕಿಕೊಂಡರೆ ಇಡೀ ದಿನದ ಕೆಲಸ ಹೋಯ್ತು.

ಇಷ್ಟು ಮಾಡಿದರೂ ತಿಳಿಯೋದು 20 ನಿಮಿಷದ ಸರಾಸರಿ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದ ರೈತರಿಗೆ ಇದು ಬೇಗ ಅರ್ಥವಾಗುತ್ತೆ: ಹೊಲದ ಹತ್ತಿರ ನೀರು ಎಷ್ಟಿದೆ ಅಂತ ಕಾಣುತ್ತೆ, ಮುನಿರಾಬಾದಿನ ಅಣೆಕಟ್ಟೆಯಲ್ಲಿ ಯಾವ ಗಳಿಗೆಗೆ ಎಷ್ಟು ಬಿಟ್ಟರು ಅಂತ ಕಾಣಲ್ಲ. ನರಕೋಶ ಡೋಪಮೈನ್ ಬಿಡೋದು, ಮತ್ತೆ ಹೀರಿಕೊಳ್ಳೋದು ಎಲ್ಲ ಸೆಕೆಂಡುಗಳಲ್ಲಿ. ಅದನ್ನು ಹಿಡಿಯೋಕೆ ಸುಮಾರು 7 ಮೈಕ್ರೋಮೀಟರ್ ದಪ್ಪದ, ಅಂದ್ರೆ ಕೂದಲಿನ ಹತ್ತನೇ ಒಂದು ಪಾಲಿನ, ಕಾರ್ಬನ್ ಎಳೆ ಇಳಿಸಿ ಸೆಕೆಂಡಿಗೆ 10 ಸಲ ವೋಲ್ಟೇಜ್ ಏರಿಸಿ ಇಳಿಸ್ತಾರೆ. ಡೋಪಮೈನ್ ಎಲೆಕ್ಟ್ರಾನ್ ಕಳ್ಕೊಂಡಾಗ ಬರೋ ಕರೆಂಟನ್ನೇ ಅಳೆಯೋದು. ಮನುಷ್ಯರಲ್ಲೂ ಮಾಡಿದ್ದಾರೆ, ಆದರೆ ಮೆದುಳಿನ ಆಪರೇಷನ್ ಹೇಗೂ ಆಗಬೇಕಿದ್ದ ರೋಗಿಗಳಲ್ಲಿ, ಸಂಶೋಧನೆಗೆ ಅಂತ.

ದೊಡ್ಡ ಊರುಗಳಲ್ಲಿ ಟ್ರೋಡಾಟ್, ಎಫ್-ಡೋಪಾ ಸ್ಕ್ಯಾನ್ ಇವೆ. ಅವು ಡೋಪಮೈನ್ ನರತುದಿಗಳು ಎಷ್ಟು ಉಳಿದಿವೆ ಅಂತ ತೋರಿಸ್ತವೆ, ಬಿಡುಗಡೆಯನ್ನಲ್ಲ. ರೋಗದ ಬಗ್ಗೆ ಅನುಮಾನ ಇದ್ದರೆ ಮಾತ್ರ ನರರೋಗ ತಜ್ಞರು ಬರೆದುಕೊಡ್ತಾರೆ.

ಅಪ್ಪನ ಮಾತ್ರೆಯನ್ನು ನೀವಾಗೇ ನಿಲ್ಲಿಸಬೇಡಿ. ಮಾತ್ರೆ ತಗೊಂಡ ಹೊತ್ತು, ಮೈ ಸಡಿಲಾದ ಹೊತ್ತು, ಮತ್ತೆ ಬಿಗಿ ಹಿಡಿದ ಹೊತ್ತು, ಮೂರನ್ನೂ ಒಂದು ವಾರ ನೋಟ್‌ಬುಕ್ಕಲ್ಲಿ ಬರೀರಿ. ಅವರು ನಡೆಯೋದನ್ನು ಫೋನಲ್ಲಿ ವಿಡಿಯೋ ಮಾಡ್ಕೊಳ್ಳಿ. ಡಾಕ್ಟರು ಡೋಸ್ ಸರಿಮಾಡೋದು ಇವನ್ನೇ ನೋಡಿ.