ವೇದಿಕೆಯಲ್ಲಿ ಟ್ಯಾಬ್ಲೆಟ್ ನೋಡಿಕೊಂಡು ಗಿಟಾರ್ ನುಡಿಸಬಹುದೇ?

ಭಾವಗೀತೆಗಳಿಗೆ ಗಿಟಾರ್ ನುಡಿಸುವಾಗ ಸಾಹಿತ್ಯವನ್ನೂ ಕಾರ್ಡ್‌ಗಳನ್ನೂ (ಒಟ್ಟಿಗೆ ಮೀಟುವ ಸ್ವರಗುಚ್ಛಗಳನ್ನು) ಟ್ಯಾಬ್‌ನಲ್ಲಿ ಇಟ್ಟುಕೊಂಡು, ಪುಟ ತಾನಾಗಿ ಸರಿಯುವ ಆಟೋಸ್ಕ್ರೋಲ್ ಹಾಕಿದರೆ ಸಾಕೇ ಎಂದು ಕೇಳಿದ್ದೀರಿ. ಟ್ಯಾಬ್ ಇಟ್ಟುಕೊಳ್ಳಿ, ಸಂಕೋಚ ಬೇಡ. ಆಟೋಸ್ಕ್ರೋಲ್ ಮಾತ್ರ ಖಂಡಿತ ಬೇಡ.

ಮುಂಬೈಯ ಕನ್ನಡ ಕಾರ್ಯಕ್ರಮಗಳಲ್ಲಿ ಹಲವು ವರ್ಷಗಳಿಂದ ನುಡಿಸುತ್ತಿದ್ದೇನೆ. ಒಮ್ಮೆ ಮಾಟುಂಗಾದಲ್ಲಿ ರಾಜ್ಯೋತ್ಸವದ ಸಂಜೆ ಗಾಯಕಿ ಪಲ್ಲವಿಯ ಎರಡನೆಯ ಸಾಲನ್ನೇ ಹಿಡಿದು ನಾಲ್ಕು ಬಾರಿ, ನಾಲ್ಕು ಬಗೆಯಲ್ಲಿ ಹಾಡಿದರು. ಸಭೆ ತಲೆದೂಗುತ್ತಿತ್ತು. ನನ್ನ ಪರದೆ ಅಷ್ಟರಲ್ಲಿ ಎರಡನೆಯ ಚರಣಕ್ಕೆ ಹೋಗಿತ್ತು. ಎರಡೂ ಕೈ ಗಿಟಾರ್ ಮೇಲಿರುವಾಗ ಅದನ್ನು ಹಿಂದಕ್ಕೆ ಎಳೆಯುವುದು ಹೇಗೆ? ಎರಡು ಆವರ್ತನ ಬರಿಯ ತಬಲಾ, ಹಾರ್ಮೋನಿಯಂ ಕೇಳಿಸಿತು. ಆಟೋಸ್ಕ್ರೋಲ್ ಒಂದೇ ವೇಗದಲ್ಲಿ ಓಡುತ್ತದೆ. ಭಾವಗೀತೆ ಹಾಡುವವರು ಹಾಗೆ ಓಡುವುದಿಲ್ಲ, ಓಡಲೂಬಾರದು.

ಅಂದಿನಿಂದ ಚರಣಕ್ಕೊಂದು ಪುಟ ಮಾಡಿ, ಪ್ರತಿ ಪುಟದ ಕೊನೆಯಲ್ಲೂ ಪಲ್ಲವಿಯನ್ನು ಮತ್ತೆ ಬರೆದಿಡುತ್ತೇನೆ. ಹಿಂದಿನ ಪುಟಕ್ಕೆ ಮರಳುವ ಪ್ರಮೇಯವೇ ಇಲ್ಲ. ಪುಟ ತಿರುವಲು ಕಾಲಬುಡದಲ್ಲಿ ಬ್ಲೂಟೂತ್ ಪೆಡಲ್ ಇದೆ.

ಬರೆಯಲು ಕಾರ್ಡ್‌ಪ್ರೋ ವಿಧಾನ ಒಳ್ಳೆಯದು. ಕಾರ್ಡನ್ನು ಸಾಲಿನೊಳಗೇ ಚೌಕ ಆವರಣದಲ್ಲಿ ಬರೆದರೆ, ಪರದೆಯಲ್ಲಿ ಅದು ಆ ಅಕ್ಷರದ ನೆತ್ತಿಯ ಮೇಲೆ ಕೂರುತ್ತದೆ. ಕನ್ನಡಕ್ಕೆ ಒಂದು ಎಚ್ಚರ ಬೇಕು: ‘ಬೆಳ್ಳಿ’ ಎಂಬಲ್ಲಿ ಆವರಣ ‘ಳ್ಳಿ’ಗೆ ಮೊದಲೇ ಬರಬೇಕು. ನಡುವೆ ನುಗ್ಗಿದರೆ ಒತ್ತಕ್ಷರ ಒಡೆದು ‘ಳ್’ ಒಂದು ಕಡೆ, ‘ಳಿ’ ಇನ್ನೊಂದು ಕಡೆ ಬೀಳುತ್ತದೆ.

ಟ್ಯಾಬ್‌ನ ನಿಜವಾದ ಉಪಕಾರ ತಿಳಿಯುವುದು ಶ್ರುತಿ ಬದಲಾದಾಗ. ಕಪ್ಪು ಒಂದರ (ಹಾರ್ಮೋನಿಯಂ ಸಪ್ತಕದ ಮೊದಲ ಕಪ್ಪು ಕೀಯ ಶ್ರುತಿ) ಗಾಯಕರಿಗಾಗಿ ಗಿಟಾರ್‌ನ ಮೊದಲ ಫ್ರೆಟ್‌ಗೆ ಕೇಪೋ (ತಂತಿಗಳನ್ನೆಲ್ಲ ಒತ್ತಿ ಶ್ರುತಿ ಏರಿಸುವ ಕ್ಲಿಪ್) ಹಾಕಿ ಸಿ, ಎಫ್, ಜಿ ಕಾರ್ಡ್ ಹಿಡಿಯಲು ಸಿದ್ಧವಾಗಿರುತ್ತೀರಿ. ಕೊನೆಯ ಗಳಿಗೆಯಲ್ಲಿ ಅದೇ ಹಾಡನ್ನು ಕಪ್ಪು ಐದರ ಗಾಯಕಿ ಹಾಡುವುದೆಂದು ತೀರ್ಮಾನವಾಗುತ್ತದೆ. ಕೇಪೋ ಅಲ್ಲೇ ಇದ್ದರೂ ಈಗ ಎ, ಡಿ, ಇ ಬೇಕು. ಕಾಗದದಲ್ಲಾದರೆ ಪ್ರತಿಯೊಂದನ್ನೂ ಹೊಡೆದು ಬರೆಯಬೇಕು. ಟ್ಯಾಬ್‌ನಲ್ಲಿ ಒಂದೆರಡು ಬಾರಿ ಬೆರಳು ಒತ್ತಿದರಾಯಿತು, ಕಾರ್ಡ್‌ಗಳೆಲ್ಲ ತಾವಾಗಿ ಬದಲಾಗುತ್ತವೆ.

ಹಾಡುವವರ ಮುಖ ಕಾಣುವಂತೆ ಸ್ಟ್ಯಾಂಡನ್ನು ಎದೆಗಿಂತ ಕೆಳಗೆ, ಓರೆಯಾಗಿ ಇಡಿ. ಉಸಿರು ಎಳೆದುಕೊಳ್ಳುವುದು, ತಬಲದವರಿಗೆ ಕಣ್ಸನ್ನೆ ಮಾಡುವುದು ಯಾವ ಪರದೆಯಲ್ಲೂ ಬರುವುದಿಲ್ಲ. ಕಪ್ಪು ಹಿನ್ನೆಲೆಯಲ್ಲಿ ಬಿಳಿ ಅಕ್ಷರವಿದ್ದರೆ ಮುಖಕ್ಕೆ ಬೆಳಕು ಹೊಡೆಯುವುದಿಲ್ಲ. ಕರೆಗಳು ಬಾರದಂತೆ ಏರೋಪ್ಲೇನ್ ಮೋಡ್ ಹಾಕಿ. ಅದರೊಂದಿಗೆ ಬ್ಲೂಟೂತ್ ಕೂಡ ಆರಿಹೋಗಬಹುದು, ಹಾಗಾಗಿ ವೇದಿಕೆ ಹತ್ತುವ ಮೊದಲು ಪೆಡಲನ್ನು ಒಮ್ಮೆ ತುಳಿದು ನೋಡಿ.