ಮಡಿಕೇರಿ ಮನೆ ಗೋಡೆಯಲ್ಲಿ ಕಪ್ಪು ಚುಕ್ಕೆ: ಸೋರಿಕೆಯಾ, ಬರೀ ಮಳೆಗಾಲದ ಬೂಷ್ಟಾ?

ಎರಡೂ ಇರಬಹುದು. ನಮ್ಮ ಕೊಡಗಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಿಟಕಿ ಮುಚ್ಚಿ, ಒಳಗೇ ಬಟ್ಟೆ ಒಣಗಿಸುತ್ತೇವೆ ಅಲ್ವಾ? ಸೋರಿಕೆ ಇಲ್ಲದಿದ್ದರೂ ಬೂಷ್ಟು ಬರುತ್ತದೆ.

ಖಚಿತ ಮಾಡಿಕೊಳ್ಳಲು ಗೋಡೆ ಒರೆಸಿ, ಒಂದು ಅಡಿ ಅಗಲದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಬದಿಗೆ ಟೇಪ್ ಹಾಕಿ ಅಂಟಿಸಿ. ಒಂದೆರಡು ದಿನ ಬಿಟ್ಟು ನೋಡಿ. ಹನಿ ಹಾಳೆಯ ಹಿಂದೆ, ಗೋಡೆ ಕಡೆ ಇದ್ದರೆ ತೇವ ಗೋಡೆಯೊಳಗಿದೆ. ಕೋಣೆ ಕಡೆ ಇದ್ದರೆ ಗಾಳಿಯ ತೇವ; ಕಿಟಕಿ ತೆಗೆದಿಡಿ, ಬೀರು ಗೋಡೆಯಿಂದ ಸ್ವಲ್ಪ ಸರಿಸಿ.

ನೆಲದ ಹತ್ತಿರ, ಸುಮಾರು 1 ಮೀಟರ್ ಎತ್ತರದೊಳಗೆ ಬಣ್ಣ ಉಬ್ಬಿ ಬಿಳಿ ಪುಡಿ ಉದುರುತ್ತಿದ್ದರೆ ತಳಪಾಯದಿಂದ ನೀರು ಏರುತ್ತಿರಬಹುದು. ಆ ಪುಡಿ ಉಪ್ಪು, ಬೂಷ್ಟಲ್ಲ. ಪ್ಲಾಸ್ಟರ್ ತಟ್ಟಿ ನೋಡಿ, ಪೊಳ್ಳು ಸದ್ದು ಬಂದರೆ ಬಿಟ್ಟುಕೊಂಡಿದೆ.

ಸೀಲಿಂಗಿನ ಕಂದು ಕಲೆಯ ಅಂಚಿಗೆ ಪೆನ್ಸಿಲ್ ಗೆರೆ ಎಳೆದು ತಾರೀಕು ಬರೆಯಿರಿ. ಮಳೆಗೆ ಮಾತ್ರ ದೊಡ್ಡದಾದರೆ ತಾರಸಿ ಅಥವಾ ಹಂಚು ನೋಡಿಸಿ. ಬೇಸಿಗೆಯಲ್ಲೂ ಹರಡಿದರೆ ಪೈಪಿನ ಮೇಲೆ ಅನುಮಾನ ಜಾಸ್ತಿ. ಕಾರಣ ಸಿಗುವ ಮೊದಲು ಸುಮ್ನೆ ಬಣ್ಣ ಹೊಡೆಸಬೇಡಿ, ಮತ್ತೆ ಉಬ್ಬುತ್ತದೆ.

ಸೀಲಿಂಗ್ ಜೋತಿದ್ದರೆ ಅದರ ಕೆಳಗೆ ಮಲಗಬೇಡಿ. ಸ್ವಿಚ್ ಬೋರ್ಡ್ ಹತ್ತಿರ ಒದ್ದೆಯಿದ್ದರೆ ಅದನ್ನು ಮುಟ್ಟದೆ, ಮೇನ್ ಆಫ್ ಮಾಡಿ ಇವತ್ತೇ ಎಲೆಕ್ಟ್ರಿಷಿಯನ್ ಕರೆಸಿ.