ಮಾವಿನಹಣ್ಣು, ಹಾಲು ಮತ್ತು ಮೂರನೇ ಮಹಡಿಯ ಅಜ್ಜಿ

ಬ್ರೆಜಿಲ್‌ನಲ್ಲಿ ಒಂಬತ್ತು ವರ್ಷ ಇದ್ದೆ ಅಂತ ಹೋದ ಸಂಚಿಕೆಯಲ್ಲಿ ಒಂದೇ ಒಂದು ಸಾಲು ಬರೆದಿದ್ದೆ. ಅದಕ್ಕೆ ಬಂದ ಪತ್ರಗಳು ಈಗ ಮೇಜಿನ ಮೇಲೆ ರಾಶಿ ಬಿದ್ದಿವೆ. ಅಂದ ಹಾಗೆ, ಬ್ರೆಜಿಲ್‌ನವರ ಮಾತು ಪೋರ್ಚುಗೀಸು; ಈ ‘ಮೇಜು’ ಎಂಬ ಪದ ಕೂಡ ಪೋರ್ಚುಗೀಸರದ್ದೇ. ಸಾಬೂನು, ಪಗಾರ, ಬಟಾಟೆ, ಪಾದ್ರಿ, ಎಲ್ಲ ಅವರಿಂದ ಬಂದವು. ಸಾವ್ ಪೌಲೋದಲ್ಲಿ ಇಳಿದ ಮೊದಲ ವಾರ, ಭಾಷೆ ಒಂದಕ್ಷರ ಬಾರದ ನಾನು ಗಾಬರಿಯಲ್ಲಿ ‘ಚಾವಿ, ಚಾವಿ’ ಅಂದದ್ದಕ್ಕೆ ಕಟ್ಟಡದ ಕಾವಲುಗಾರ ‘ಆ, ಶಾವಿ!’ ಎಂದು ಬಾಗಿಲು ತೆಗೆದುಕೊಟ್ಟಿದ್ದ.

ನಮ್ಮವರದು ಕಾಫಿ ವ್ಯಾಪಾರದ ಕೆಲಸ. 2008ರಿಂದ 2017ರವರೆಗೆ ವಿಲಾ ಮರಿಯಾನಾ ಬಡಾವಣೆಯ ಹಳೇ ಕಟ್ಟಡವೊಂದರ ಐದನೇ ಮಹಡಿಯಲ್ಲಿ ಇದ್ದೆವು. ಅಮೆಜಾನ್ ಕಾಡಿನ ಬಗ್ಗೆ ಕೇಳಿದ ಹಾಸನದವರು ಕ್ಷಮಿಸಬೇಕು. ಅದು ನಮ್ಮ ಮನೆಯಿಂದ ನಾಲ್ಕು ತಾಸಿನ ವಿಮಾನದ ದಾರಿ, ನಾನು ಹೋಗಲೇ ಇಲ್ಲ.

ಪ್ರ: ಮಗಳು, ಅಳಿಯ ಸಾವ್ ಪೌಲೋಗೆ ಹೊರಟಿದ್ದಾರೆ. ಅಲ್ಲಿ ಗುರುತಿಲ್ಲದವರೂ ಕೆನ್ನೆಗೆ ಮುತ್ತು ಕೊಡುತ್ತಾರಂತೆ. ಬೇಡ ಅಂದರೆ ತಪ್ಪು ತಿಳಿಯುತ್ತಾರೆಯೇ? (ಒಬ್ಬ ತಾಯಿ, ದಾವಣಗೆರೆ)

ಉ: ಗಾಬರಿ ಬೇಡ ತಾಯಿ. ಕೆನ್ನೆಗೆ ಕೆನ್ನೆ ತಾಗಿಸಿ ಗಾಳಿಯಲ್ಲಿ ‘ಪ್ಚ್’ ಅಂತ ಸದ್ದು ಮಾಡುತ್ತಾರೆ, ಅಷ್ಟೇ. ಹೆಂಗಸರು ಹೆಂಗಸರಿಗೆ, ಹೆಂಗಸರು ಗಂಡಸರಿಗೆ. ಗಂಡಸರು ಗಂಡಸರು ಸಾಮಾನ್ಯವಾಗಿ ಕೈ ಕುಲುಕಿ ಬೆನ್ನು ತಟ್ಟುತ್ತಾರೆ. ತೊಂದರೆ ಇರುವುದು ಲೆಕ್ಕದಲ್ಲಿ. ಸಾವ್ ಪೌಲೋದಲ್ಲಿ ಒಂದು, ರಿಯೋದಲ್ಲಿ ಎರಡು, ಮಿನಾಸ್ ರಾಜ್ಯದ ಕಡೆಯವರು ಎಷ್ಟೋ ಸಲ ಮೂರು. ಆ ಮೂರನೆಯದು ಮದುವೆ ಆಗಲಿ ಅಂತ ಹಾರೈಸುವುದಕ್ಕಂತೆ. ರಿಯೋದಿಂದ ಬಂದಿದ್ದ ಒಬ್ಬಾಕೆಗೆ ನಾನು ಒಂದಕ್ಕೇ ಮುಖ ಹಿಂದೆ ತೆಗೆದು, ಆಕೆ ಎರಡನೆಯದಕ್ಕೆ ಮುಂದೆ ಬಂದು, ಇಬ್ಬರ ಕನ್ನಡಕವೂ ಒಂದಕ್ಕೊಂದು ಸಿಕ್ಕಿಕೊಂಡಿತ್ತು. ನಿಮ್ಮ ಮಗಳಿಗೆ ಇಷ್ಟವಿಲ್ಲದಿದ್ದರೆ ಮೊದಲೇ ಕೈ ಚಾಚಿಬಿಡಲಿ. ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಆಕೆ ನಿಜವಾಗಿ ಕಲಿಯಬೇಕಾದದ್ದು ಕರೆಯುವ ರೀತಿ. ಅಲ್ಲಿ ಮನೆತನದ ಹೆಸರು ಹಿಡಿದು ಕರೆಯುವುದು ಕಡಿಮೆ. ಡಾಕ್ಟರೂ ಮೊದಲ ಹೆಸರೇ, ದೇಶದ ಅಧ್ಯಕ್ಷರೂ ಮೊದಲ ಹೆಸರೇ ಅಥವಾ ಅಡ್ಡಹೆಸರೇ. ‘ಲೂಲಾ’ ಅನ್ನುವುದು ಮೊದಲಿಗೆ ಬರೀ ಅಡ್ಡಹೆಸರು, ಆಮೇಲೆ ಅವರು ಅದನ್ನು ಕಾನೂನು ಪ್ರಕಾರ ಸೇರಿಸಿಕೊಂಡದ್ದು. ಹಾಗಂತ ಮರ್ಯಾದೆ ಇಲ್ಲವೆಂದಲ್ಲ. ವಯಸ್ಸಾದ ಹೆಂಗಸಿಗೆ ಹೆಸರಿನ ಮೊದಲು ‘ದೋನಾ’, ಗಂಡಸಿಗೆ ‘ಸೇವು’ ಸೇರಿಸಬೇಕು. ಚಿಕ್ಕ ಮಕ್ಕಳು ಶಾಲೆಯ ಟೀಚರನ್ನು ‘ಅತ್ತೆ’ ಅಂತಲೋ ‘ಚಿಕ್ಕಮ್ಮ’ ಅಂತಲೋ ಅರ್ಥ ಬರುವ ‘ಚೀಯ’ ಎಂದು ಕರೆಯುತ್ತಾರೆ. ನನ್ನ ಮಗ ಮೊದಲ ದಿನ ಮನೆಗೆ ಬಂದವನೇ, ‘ಅಮ್ಮಾ, ಅಲ್ಲಿ ಎಲ್ಲರೂ ಟೀಚರಿಗೆ ಛೀ ಅಂತಾರೆ’ ಎಂದು ದೂರು ಹೇಳಿದ್ದ.

ಪ್ರ: ನಾವು ಶುದ್ಧ ಸಸ್ಯಾಹಾರಿಗಳು. ಅಲ್ಲಿ ಬದುಕಬಹುದೇ? (ಶಿರಸಿ)

ಉ: ನಾನು ಬದುಕಿ ಬಂದಿದ್ದೇನಲ್ಲ! ಆದರೆ ಒಂದು ಪಾಠ ಕೇಳಿ. ‘ಸೇಂ ಕಾರ್ನಿ’, ಅಂದರೆ ಮಾಂಸ ಬೇಡ, ಎಂದು ಹೇಳಿದರೆ ಸಾಲದು. ಅವರ ಬಾಯಲ್ಲಿ ‘ಕಾರ್ನಿ’ ಎಂದರೆ ಹೆಚ್ಚಾಗಿ ದನದ ಮಾಂಸ. ನಾನು ಹಾಗೆಂದಾಗ ಒಬ್ಬಾತ ತುಂಬ ಪ್ರೀತಿಯಿಂದ ಕೋಳಿ ತಂದಿಟ್ಟ. ಅದೂ ಬೇಡ ಅಂದೆ. ಹಂದಿಯ ತೆಳು ಚೂರು ಹಾಕಿದ ಸ್ಯಾಂಡ್‌ವಿಚ್ ಬಂತು. ಒಂದೊಂದನ್ನೂ ಹೆಸರು ಹಿಡಿದು ಬೇಡ ಅನ್ನಬೇಕು ಮಾರಾಯ್ರೇ.

ದಿನದ ಊಟ ಅನ್ನ ಮತ್ತು ಫೇಜಾಂವ್, ಅಂದರೆ ನಮ್ಮ ಅಲಸಂದೆ, ರಾಜ್ಮಾದ ಥರದ ಕಾಳು. ಅದಕ್ಕೆ ಬೆಳ್ಳುಳ್ಳಿ ಒಗ್ಗರಣೆ. ಮೇಲೆ ಉದುರಿಸಿಕೊಳ್ಳಲು ಮರಗೆಣಸಿನ ಹಿಟ್ಟನ್ನು ಹುರಿದ ಫರೋಫಾ. ಪಕ್ಕದಲ್ಲಿ ಕೂದಲೆಳೆಯ ಹಾಗೆ ಹೆಚ್ಚಿದ ಸೊಪ್ಪಿನ ಪಲ್ಯ. ಒಗ್ಗರಣೆಯಲ್ಲಿ ಹಂದಿ ಕೊಬ್ಬು ಬಿದ್ದಿದೆಯೇ ಎಂದು ಕೇಳಿಕೊಂಡರೆ ಆಯಿತು. ಸಾವ್ ಪೌಲೋದ ಹೋಟೆಲುಗಳಲ್ಲಿ ಬುಧವಾರ, ಶನಿವಾರ ಫೇಜ್ವಾದದ ದಿನ. ಕರಿ ಕಾಳಿನ ಜೊತೆ ಹಂದಿಯ ಎಲ್ಲ ಭಾಗವೂ ಬೇಯುವ ದಿನ ಅದು. ಆವತ್ತು ಮನೆ ಊಟವೇ ಲೇಸು.

ನನ್ನನ್ನು ಕಾಪಾಡಿದ್ದು ಕಿಲೋ ಲೆಕ್ಕದ ಹೋಟೆಲು. ಉದ್ದ ಮೇಜಿನ ಮೇಲೆ ಮೂವತ್ತು ನಲವತ್ತು ಬಗೆ ಇಟ್ಟಿರುತ್ತಾರೆ. ಬೇಕಾದ್ದು ಬಡಿಸಿಕೊಂಡು ತಟ್ಟೆಯನ್ನು ತಕ್ಕಡಿ ಮೇಲೆ ಇಡಬೇಕು. ತಟ್ಟೆಯ ತೂಕ ಕಳೆದು, ಉಳಿದ ಗ್ರಾಮಿಗೆ ದುಡ್ಡು. ಮೊದಲ ದಿನ ನಾನು ಆಸೆಯಿಂದ ಕಲ್ಲಂಗಡಿ ಹೋಳು ಪೇರಿಸಿಕೊಂಡು ಹೋಗಿ, ನೀರಿಗೆ ಕಾಸು ಕೊಟ್ಟು ಬಂದೆ. ಆಮೇಲೆ ಬುದ್ಧಿ ಬಂತು: ಸೊಪ್ಪು ಹಗುರ, ಬೀಟ್‌ರೂಟ್ ಭಾರ.

ಪ್ರ: ಅಲ್ಲಿ ಮಾವಿನಹಣ್ಣು ಸಿಗುತ್ತದೆಯೇ? (ಧಾರವಾಡ)

ಉ: ಸಿಗುತ್ತದೆ. ನಮ್ಮ ಚಳಿಗಾಲ ಅವರಿಗೆ ಬೇಸಗೆಯಾದ್ದರಿಂದ ಕ್ರಿಸ್‌ಮಸ್ ಹೊತ್ತಿಗೆ ಸುಗ್ಗಿ. ಮಾವು ಪೋರ್ಚುಗೀಸರ ಹಡಗಿನಲ್ಲಿ ನಮ್ಮ ಕಡೆಯಿಂದ ಹೋದದ್ದು. ಹಲಸೂ ಹಾಗೆಯೇ. ಮಲಯಾಳದ ‘ಚಕ್ಕ’ವೇ ಅಲ್ಲಿ ‘ಜಾಕ’. ರಿಯೋದ ತಿಜೂಕಾ ಕಾಡಿನಲ್ಲಿ ಅದು ಎಷ್ಟು ಹಬ್ಬಿದೆಯೆಂದರೆ ಅರಣ್ಯದವರಿಗೆ ತಲೆನೋವಾಗಿದೆ. ಅದಕ್ಕೆ ಬದಲಾಗಿ ಗೇರು ಆ ಕಡೆಯಿಂದ ಬಂತು. ನಾವು ಬೀಜಕ್ಕೆ ಬಡಿದಾಡಿದರೆ ಅವರು ಹಣ್ಣಿನ ರಸ ತೆಗೆದು ಲೋಟಗಟ್ಟಲೆ ಕುಡಿಯುತ್ತಾರೆ. ಬೆಣ್ಣೆಹಣ್ಣಿಗೆ ಹಾಲು ಸಕ್ಕರೆ ಹಾಕಿ ಕುಡಿಯುವುದರಲ್ಲಿ ಮಾತ್ರ ಅವರೂ ನಾವೂ ಒಂದೇ.

ಆದರೆ ಮಾವಿಗೆ ಹಾಲು ಹಾಕಬಾರದು! ಒಂದು ಭಾನುವಾರ ನಾನು ಹಣ್ಣು ಕಿವುಚಿ, ಹಾಲು, ಬೆಲ್ಲ, ಏಲಕ್ಕಿ ಹಾಕಿ ಸೀಕರಣೆ ಮಾಡುತ್ತಿದ್ದೆ. ಮೂರನೇ ಮಹಡಿಯ ಅಜ್ಜಿ ಸಕ್ಕರೆ ಸಾಲ ಕೇಳಲು ಬಂದವರು, ಪಾತ್ರೆ ನೋಡಿ ಎದೆ ಮೇಲೆ ಶಿಲುಬೆ ಎಳೆದುಕೊಂಡರು. ‘ಮೀನ್ಯ ಫೀಲ್ಯ, ನನ್ನ ಮಗಳೇ, ಮಾವಿಗೆ ಹಾಲು ಹಾಕಿದರೆ ಸಾಯುತ್ತಾರೆ!’ ಹಿಂದೆ ಗುಲಾಮರು ಯಜಮಾನರ ಹಾಲು ಕದ್ದು ಕುಡಿಯದಿರಲೆಂದು ಹುಟ್ಟಿಸಿದ ಹೆದರಿಕೆ ಇದು ಅನ್ನುತ್ತಾರೆ. ಮಾವು ಗುಲಾಮರಿಗೆ ಸಲೀಸಾಗಿ ಸಿಗುತ್ತಿತ್ತು, ಹಾಲು ಧಣಿಯದು. ಗುಲಾಮಗಿರಿ 1888ರಲ್ಲಿ ಹೋಯಿತು, ಹೆದರಿಕೆ ಅಜ್ಜಿಯರ ಹೊಟ್ಟೆಯಲ್ಲಿ ಉಳಿಯಿತು. ನಾವು ನಾಲ್ವರೂ ಅವರೆದುರೇ ಬಟ್ಟಲು ಬಟ್ಟಲು ತಿಂದೆವು. ಅವರು ರಾತ್ರಿ ಎಂಟಕ್ಕೊಮ್ಮೆ, ಹತ್ತಕ್ಕೊಮ್ಮೆ ಕರೆಗಂಟೆ ಒತ್ತಿ, ಬದುಕಿದ್ದೇವೆಯೇ ಎಂದು ನೋಡಿಹೋದರು.

ಪ್ರ: ಬ್ರೆಜಿಲ್‌ನವರು ಭಾರತದ ಕಥೆಯ ಧಾರಾವಾಹಿ ನೋಡುತ್ತಿದ್ದರಂತೆ, ಹೌದೇ? (ತುಮಕೂರು)

ಉ: ಹೌದು, ಅದರ ಫಲ ಉಂಡವಳು ನಾನು. 2009ರ ಜನವರಿಯಿಂದ ಸೆಪ್ಟೆಂಬರ್‌ವರೆಗೆ ಗ್ಲೋಬೊ ವಾಹಿನಿಯಲ್ಲಿ ರಾತ್ರಿ ಊಟದ ಹೊತ್ತಿಗೆ ಬರುತ್ತಿತ್ತು. ಹೆಸರಿನ ಅರ್ಥ ‘ಭಾರತದ ದಾರಿ’, ಬರೆದವರು ಗ್ಲೋರಿಯಾ ಪೆರೆಸ್. ಮಾಯಾ ಎಂಬ ವ್ಯಾಪಾರಿ ಮನೆತನದ ಹುಡುಗಿಗೂ ದಲಿತ ಹುಡುಗನಿಗೂ ಪ್ರೀತಿ. ಸೀರೆ, ಬಳೆ, ಬಿಂದಿ ಎಲ್ಲ ನಮ್ಮದು, ನಟರೆಲ್ಲ ಅವರವರೇ, ಮಾತು ಪೋರ್ಚುಗೀಸು. ಆ ವರ್ಷ ಅದಕ್ಕೆ ಅಂತಾರಾಷ್ಟ್ರೀಯ ಎಮ್ಮಿ ಪ್ರಶಸ್ತಿಯೂ ಬಂತು.

ಪಾತ್ರಗಳು ಮಾತು ಮಾತಿಗೆ ‘ಅರೆ ಬಾಬಾ’ ಅನ್ನುತ್ತಿದ್ದವು. ದೇಶವೆಲ್ಲ ಅದನ್ನೇ ಹಿಡಿಯಿತು. ಗುರುವಾರದ ಸಂತೆಯಲ್ಲಿ ಟೊಮೆಟೊದವನು ನನ್ನನ್ನು ಕಂಡರೆ ‘ಅರೆ ಬಾಬಾ!’, ಕಬ್ಬಿನ ಹಾಲಿನವನು ಕೈಜೋಡಿಸಿ ‘ನಮಸ್ತೇ!’ ಕೊಪ್ಪದಲ್ಲಿ ಹುಟ್ಟಿದ ನಾನು ಆಯುಷ್ಯದಲ್ಲಿ ಅರೆ ಬಾಬಾ ಅಂದವಳಲ್ಲ. ಇಡೀ ಭಾರತ ರಾಜಸ್ಥಾನವೇ ಎಂದು ನಂಬಿದ್ದ ಅಜ್ಜಿ, ಸಂತೋಷವಾದಾಗ ನೀವೇಕೆ ಎದ್ದು ಕುಣಿಯುವುದಿಲ್ಲ ಎಂದು ನಿಜವಾಗಿ ಕೇಳಿದ್ದರು. ಒಂದು ವಿಷಯಕ್ಕೆ ಮಾತ್ರ ಅವರನ್ನು ಮೆಚ್ಚಬೇಕು. ಅವರ ಧಾರಾವಾಹಿ ಏಳೆಂಟು ತಿಂಗಳಿಗೆ ಮುಗಿಯುತ್ತದೆ. ನಮ್ಮವುಗಳ ಹಾಗೆ ಸೊಸೆ ಅತ್ತೆಯಾಗುವವರೆಗೆ ಎಳೆಯುವುದಿಲ್ಲ.

ಪ್ರ: ಎಲ್ಲರಿಗೂ ಸಾಂಬಾ ಕುಣಿಯಲು ಬರುತ್ತದೆಯೇ? (ಮಂಡ್ಯ)

ಉ: ನಿಮ್ಮ ಊರಲ್ಲಿ ಎಲ್ಲರಿಗೂ ಡೊಳ್ಳು ಬಾರಿಸಲು ಬರುತ್ತದೆಯೇ?

ಪ್ರ: ನಮ್ಮ ಮಟ್ಕಾದಂಥದ್ದು ಅಲ್ಲೂ ಇದೆಯಂತೆ. (ಹೆಸರು ಬೇಡ, ಹುಬ್ಬಳ್ಳಿ)

ಉ: ಇದೆ, ‘ಜೋಗು ದು ಬಿಶು’, ಪ್ರಾಣಿಗಳ ಆಟ. 1892ರಲ್ಲಿ ರಿಯೋದಲ್ಲಿ ಬ್ಯಾರನ್ ದ್ರುಮೊಂದ್ ಎಂಬಾತ ತನ್ನ ಮೃಗಾಲಯಕ್ಕೆ ಜನ ಬರಲೆಂದು ಟಿಕೆಟಿನ ಮೇಲೆ ಪ್ರಾಣಿಯ ಚಿತ್ರ ಹಾಕಿಸಿ, ಸಂಜೆ ಒಂದು ಪ್ರಾಣಿಗೆ ಬಹುಮಾನ ಕೊಡುತ್ತಿದ್ದ. ಮೃಗಾಲಯ ಹೋಯಿತು, ಜೂಜು ಊರು ತುಂಬಿತು. ಒಟ್ಟು 25 ಪ್ರಾಣಿ, ಒಂದೊಂದಕ್ಕೆ ನಾಲ್ಕು ಅಂಕಿ. ಆನೆ 12ನೆಯದು, ಅದರ ಅಂಕಿ 45ರಿಂದ 48. ಕಾನೂನಿನ ಪ್ರಕಾರ ನಿಷಿದ್ಧ, ಆದರೂ ಮೂಲೆಯಲ್ಲಿ ಕುರ್ಚಿ ಹಾಕಿಕೊಂಡು ಚೀಟಿ ಬರೆಯುವವನು ಎಲ್ಲರಿಗೂ ಗೊತ್ತು. ರಿಯೋದ ಎಷ್ಟೋ ಸಾಂಬಾ ಶಾಲೆಗಳ, ಅಂದರೆ ಕಾರ್ನಿವಲ್ ಮೆರವಣಿಗೆಯಲ್ಲಿ ಕುಣಿಯುವ ತಂಡಗಳ, ಗರಿ, ಮಿಂಚಿನ ಹಿಂದೆ ಈ ದುಡ್ಡೂ ಇದೆ. 24ನೆಯದು ಜಿಂಕೆ. ಆ ಪದವನ್ನು ಸಲಿಂಗಿಗಳನ್ನು ಹೀಯಾಳಿಸಲು ಬಳಸುವುದರಿಂದ ಗಂಡಸರು ಆ ಅಂಕಿಯ ಅಂಗಿ ತೊಡಲೂ ಹಿಂಜರಿಯುತ್ತಾರೆ. ಎಂಥ ಪೌರುಷವೋ.

ಯಾವ ಪ್ರಾಣಿಗೆ ಕಟ್ಟಬೇಕೆಂದು ಕನಸು ಹೇಳುತ್ತದಂತೆ. ಒಂದು ಬೆಳಗ್ಗೆ ಲಿಫ್ಟಿನಲ್ಲಿ, ರಾತ್ರಿ ಕನಸಿನಲ್ಲಿ ಮೈಸೂರು ದಸರೆಯ ಆನೆ ಬಂತು ಅಂತ ಬಾಯಿ ತಪ್ಪಿ ಅಂದೆ. ಅಜ್ಜಿ ಐದು ರಿಯಾಲ್ ಹಿಡಿದು ಮೂಲೆಗೆ ಓಡಿದರು. ಆವತ್ತು ಬಂದದ್ದು ಹುಂಜ, 13. ‘ಒಂದೇ ಮನೆ ತಪ್ಪಿತು ಮಗಳೇ, ನಾಳೆಯೂ ಕನಸು ಕಾಣು’ ಎಂದರು. ಹುಬ್ಬಳ್ಳಿಯವರೇ, ನೀವು ಮಾತ್ರ ಆಡಬೇಡಿ.

ಪ್ರ: 2014ರ ವಿಶ್ವಕಪ್ಪಿನಲ್ಲಿ ಜರ್ಮನಿ ಎದುರು 7-1ರಿಂದ ಸೋತಾಗ ಅಲ್ಲಿದ್ದಿರಾ? (ಮಡಿಕೇರಿ)

ಉ: ಇದ್ದೆ. ಜುಲೈ 8. ಆಟ ಬೆಲೊ ಹೊರಿಜೊಂಚಿಯಲ್ಲಿ, ನಾವು ಮನೆಯಲ್ಲಿ ಟಿ.ವಿ. ಮುಂದೆ. ಅರ್ಧ ತಾಸು ತುಂಬುವ ಮೊದಲೇ ಐದು ಗೋಲು. ಮೂರನೆಯದಕ್ಕೆ ಬೀದಿಯಲ್ಲಿ ಬೈಗುಳ ಕೇಳಿಸಿತು, ಐದನೆಯದಕ್ಕೆ ಏನೂ ಕೇಳಿಸಲಿಲ್ಲ. ಎದುರು ಕಟ್ಟಡದವನು ಕಿಟಕಿಗೆ ಕಟ್ಟಿದ್ದ ಹಳದಿ ಹಸಿರು ಬಾವುಟವನ್ನು ಸದ್ದಿಲ್ಲದೆ ಒಳಗೆ ಎಳೆದುಕೊಂಡ. ಆದರೆ ಆ ಜನ ನೋಡಿ, ಕೆಲವೇ ದಿನಗಳಲ್ಲಿ ಅದನ್ನೇ ನಗೆಯ ಮಾತು ಮಾಡಿಕೊಂಡರು. ಹಾಲು ಉಕ್ಕಿದರೂ, ಬಸ್ಸು ತಪ್ಪಿದರೂ ‘ಗೋಲ್ ದ ಅಲೆಮಾನ್ಯ’, ಜರ್ಮನಿಗೆ ಇನ್ನೊಂದು ಗೋಲು!

ಪ್ರ: ‘ಮನೆಗೆ ಬನ್ನಿ’ ಎಂದು ಕರೆದ ಬ್ರೆಜಿಲ್‌ನ ಸಹೋದ್ಯೋಗಿ ವಿಳಾಸವನ್ನೇ ಕೊಡಲಿಲ್ಲ. ಏನರ್ಥ? (ಬೆಂಗಳೂರು)

ಉ: ‘ನಿಮ್ಮ ಮೇಲೆ ಪ್ರೀತಿ ಇದೆ’ ಎಂದರ್ಥ, ‘ಬನ್ನಿ’ ಎಂದಲ್ಲ. ನಾವೂ ಬಸ್‌ಸ್ಟ್ಯಾಂಡಿನಲ್ಲಿ ‘ಒಂದ್ಸಲ ಮನೆ ಕಡೆ ಬನ್ನಿ’ ಅನ್ನುವುದಿಲ್ಲವೇ? ದಿನ, ಗಂಟೆ ಹೇಳಿದರೆ ಮಾತ್ರ ಅದು ನಿಜವಾದ ಕರೆ. ಅದರಲ್ಲೂ ಎಂಟಕ್ಕೆ ಎಂದರೆ ಒಂಬತ್ತಕ್ಕೆ ಹೋಗಿ. ನಾನು ಒಮ್ಮೆ ಸರಿಯಾಗಿ ಎಂಟಕ್ಕೆ ಹೋದಾಗ ಮನೆಯಾಕೆ ತಲೆಗೆ ಟವೆಲ್ ಸುತ್ತಿಕೊಂಡು ಬಾಗಿಲು ತೆಗೆದಳು.

ಪ್ರ: ಅಜ್ಜಿ, ಅಲ್ಲಿ ಮಕ್ಕಳ ಹುಟ್ಟುಹಬ್ಬಕ್ಕೆ ಏನು ತಿಂಡಿ? (ಐದನೇ ತರಗತಿ, ಕೋಲಾರ)

ಉ: ಬ್ರಿಗಡೇರು, ಪುಟ್ಟಾ. ಒಂದು ಡಬ್ಬಿ ಕಂಡೆನ್ಸ್ಡ್ ಮಿಲ್ಕ್, ಮೂರು ಚಮಚ ಕೋಕೋ ಪುಡಿ, ಒಂದು ಚಮಚ ಬೆಣ್ಣೆ. ಸಣ್ಣ ಉರಿಯಲ್ಲಿ ಅಮ್ಮನ ಕೈಲಿ ತಿರುವಿಸು. ಹಲ್ವದ ಹಾಗೆ ತಳ ಬಿಡುವ ಹದ ಬಂದಾಗ ಇಳಿಸಿ, ಆರಿದ ಮೇಲೆ ಕೈಗೆ ಬೆಣ್ಣೆ ಸವರಿ ಗೋಲಿ ಗಾತ್ರದ ಉಂಡೆ ಕಟ್ಟಿ, ಚಾಕೊಲೇಟ್ ಚೂರಿನಲ್ಲಿ ಹೊರಳಿಸಬೇಕು. 1945ರಲ್ಲಿ ಬ್ರಿಗೇಡಿಯರ್ ಎಡ್ವಾರ್ಡೊ ಗೋಮೆಸ್ ಎಂಬವರು ಅಧ್ಯಕ್ಷ ಚುನಾವಣೆಗೆ ನಿಂತಾಗ ಬೆಂಬಲಿಗ ಹೆಂಗಸರು ಇದನ್ನು ಮಾಡಿ ಮಾರಿದರಂತೆ, ಅದಕ್ಕೇ ಆ ಹೆಸರು. ಅವರು ಸೋತರು ಪಾಪ.

ಹಾಡು, ಚಪ್ಪಾಳೆ ಆದ ಮೇಲೆ ಕೇಕಿನ ಮೊದಲ ಚೂರನ್ನು ಮಗು ತನಗೆ ಅತಿ ಇಷ್ಟವಾದವರಿಗೆ ಕೊಡಬೇಕು. ಎಲ್ಲರೂ ಉಸಿರು ಬಿಗಿಹಿಡಿದು ನೋಡುತ್ತಿರುತ್ತಾರೆ. ನನ್ನ ಮಗನ ಏಳನೇ ಹುಟ್ಟುಹಬ್ಬಕ್ಕೆ ನಾನು ಕೈ ಚಾಚಿ ತಯಾರಾಗಿಯೇ ನಿಂತಿದ್ದೆ. ಅವನು ನನ್ನನ್ನೂ, ಅವರಪ್ಪನನ್ನೂ ದಾಟಿ ಹೋಗಿ, ಕುರ್ಚಿಯಲ್ಲಿ ಕೂತಿದ್ದ ಮೂರನೇ ಮಹಡಿಯ ಅಜ್ಜಿಗೆ ತಟ್ಟೆ ಕೊಟ್ಟ. ಅವರ ಕಣ್ಣು ತುಂಬಿತು. ಚಮಚ ಎತ್ತಿದವರು ತಡೆದು, ನನ್ನ ಕಡೆ ಬಾಗಿ, ಪಿಸುದನಿಯಲ್ಲಿ ಕೇಳಿದರು: ‘ಇದರಲ್ಲಿ ಮಾವಿನಹಣ್ಣು ಹಾಕಿಲ್ಲ ತಾನೇ?’